ಕಟ್ಟೆ ತುಂಬಿತು, ಭತ್ತ ಹಾಕೋಣ: ಬಾಯಿಬಿಟ್ಟು ಹೇಳದ ಮಾತನ್ನು ಹುಡುಕುವುದು

(ಮಂಡ್ಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

"ಕಟ್ಟೆ ತುಂಬ್ತಂತೆ ಕಣ್ಲಾ, ಈ ಸಲ ಭತ್ತ ಹಾಕ್ಬುಡವ."

ನಿಮ್ಮಲ್ಲಿ ಬಹಳ ಜನ ಈ ಮಾತನ್ನು ಮನೆಯಲ್ಲಿ ಕೇಳಿಕೊಂಡೇ ಬೆಳೆದಿರುತ್ತೀರಿ. ಮಂಡ್ಯದಲ್ಲಿ ಕಟ್ಟೆ ಅಂದರೆ ಯಾವ ಕಟ್ಟೆ ಅಂತ ಯಾರೂ ಕೇಳುವುದಿಲ್ಲ. ಕನ್ನಂಬಾಡಿ ಕಟ್ಟೆಯೇ, ಅಂದರೆ ಕೆಆರ್‌ಎಸ್ ಅಣೆಕಟ್ಟು. ತುಂಬುವುದು ಅಂದರೆ ಎಷ್ಟು ಅಂತಲೂ ಕೇಳುವುದಿಲ್ಲ. 124.80 ಅಡಿ ಅನ್ನುವುದು ಇಲ್ಲಿನ ಮಕ್ಕಳಿಗೆ ಮಗ್ಗಿಯಷ್ಟೇ ಸಲೀಸು. ಅಪ್ಪ ಹೀಗೆ ಹೇಳಿದ ತಕ್ಷಣ ಮಗ ಬಿತ್ತನೆ ಭತ್ತ ಎಲ್ಲಿ ತರುವುದು ಅಂತ ಯೋಚಿಸುತ್ತಾನೆ. "ಕಟ್ಟೆ ತುಂಬಿದರೆ ನಮಗೇನು?" ಅಂತ ಕೇಳುವುದಿಲ್ಲ. ಕೇಳಿದರೆ ಬೈಸಿಕೊಳ್ಳುತ್ತಾನೆ.

ಪರೀಕ್ಷೆಯಲ್ಲಿ ನಿಮಗೆ ಮಾರ್ಕ್ಸ್ ಸಿಗುವುದು ಈ ಬೈಸಿಕೊಳ್ಳುವ ಪ್ರಶ್ನೆಯನ್ನು ಕೇಳಿದರೆ ಮಾತ್ರ.

ಆ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಅಪ್ಪ ಹೇಳಿದ್ದು ಎರಡೇ ಸಂಗತಿ. ಕಟ್ಟೆ ತುಂಬಿದೆ ಅನ್ನುವುದು ಕಾರಣ. ಭತ್ತ ಹಾಕಬೇಕು ಅನ್ನುವುದು ತೀರ್ಮಾನ. ಆದರೆ ಕಟ್ಟೆ ಇರುವುದು ಶ್ರೀರಂಗಪಟ್ಟಣದ ಆಚೆ. ಗದ್ದೆ ಇರುವುದು ಮಳವಳ್ಳಿ ಕಡೆ ಅಂತಿಟ್ಟುಕೊಳ್ಳಿ. ಕಟ್ಟೆ ನೀರು ತಾನಾಗಿ ಹಾರಿಕೊಂಡು ಗದ್ದೆಗೆ ಬರುವುದಿಲ್ಲ. ಯಾರೋ ನಾಲೆಗೆ ನೀರು ಬಿಡಬೇಕು. ಬಿಟ್ಟ ನೀರು ಕೊನೆ ಭಾಗದ ಗದ್ದೆಯವರೆಗೂ ಹರಿಯಬೇಕು. ಒಂದು ವಾರ ಹರಿದು ನಿಂತರೆ ಸಾಲದು, ಪೈರು ಕೈಗೆ ಬರುವವರೆಗೂ ಬೇಕಾದಾಗ ಸಿಗಬೇಕು. ಇದರಲ್ಲಿ ಒಂದನ್ನೂ ಅಪ್ಪ ಬಾಯಿಬಿಟ್ಟು ಹೇಳಿಲ್ಲ. ಆದರೆ ಒಂದು ತಪ್ಪಿದರೂ ಅಪ್ಪನ ಮಾತು ನಿಲ್ಲುವುದಿಲ್ಲ.

ಹೀಗೆ ಹೇಳದೆ ಬಿಟ್ಟ, ಆದರೆ ಮಾತನ್ನು ಹೊತ್ತು ನಿಲ್ಲಿಸಿರುವ ಸಂಗತಿಯನ್ನು ನಿಮ್ಮ ಪುಸ್ತಕಗಳು 'ಊಹೆ' ಅಂತ ಕರೆಯುತ್ತವೆ. 'ಹೇಳಿಕೆ ಮತ್ತು ಊಹೆಗಳು' ಅಂತ ಒಂದು ಅಧ್ಯಾಯವೇ ಇರುತ್ತದೆ. ನನ್ನ ಪ್ರಕಾರ ಅರ್ಧ ತೊಂದರೆ ಶುರುವಾಗುವುದೇ ಈ ಹೆಸರಿನಿಂದ. ನಾವು ಮನೆಯಲ್ಲಿ ಊಹೆ ಅನ್ನುವ ಪದವನ್ನು ಹೇಗೆ ಬಳಸುತ್ತೇವೆ? "ಊಹೆ ಮಾಡು ನೋಡೋಣ, ಈ ಡಬ್ಬದಲ್ಲಿ ಏನಿದೆ?" ಅಂತ. ಅಂದರೆ ಊಹೆ ಮಾಡುವುದು ಕೇಳುವವನ ಕೆಲಸ. ಹಾಗಾಗಿ ಪ್ರಶ್ನೆ ಓದಿದ ಹುಡುಗ ತಾನೇ ಊಹೆ ಮಾಡಲು ಕೂರುತ್ತಾನೆ. ಹೇಳಿಕೆಯಿಂದ ತನಗೆ ಏನೇನು ಹೊಳೆಯುತ್ತದೋ ಅದನ್ನೆಲ್ಲ ಆಯ್ಕೆಗಳಲ್ಲಿ ಹುಡುಕುತ್ತಾನೆ. ಪ್ರಶ್ನೆ ಕೇಳುತ್ತಿರುವುದು ಅದನ್ನಲ್ಲ. ಹೇಳಿದವನು ಏನನ್ನು ಮೊದಲೇ ನಿಜ ಅಂತ ಹಿಡಿದುಕೊಂಡು ಈ ಮಾತಾಡಿದ ಅಂತ ಕೇಳುತ್ತಿದೆ. ಊಹೆ ನಿಮ್ಮದಲ್ಲ, ಅವನದು.

ನಾಲೆಯ ಲೆಕ್ಕದಲ್ಲಿ ಹೇಳುತ್ತೇನೆ. ಹೇಳಿಕೆ ಅನ್ನುವುದು ನಡುವಿನ ನಾಲೆ ಅಂದುಕೊಳ್ಳಿ. ಅದರಿಂದ ಮುಂದೆ ಗದ್ದೆಗೆ ಹರಿಯುವುದು ಕೇಳಿದವರು ಮಾಡಿಕೊಳ್ಳುವ ತೀರ್ಮಾನ. ಅದಕ್ಕೆ ಹಿಂದಿನಿಂದ ನೀರು ಕೊಡುವ ತೂಬು ಊಹೆ. ಎಷ್ಟೋ ಜನ ತೂಬು ಹುಡುಕಿಕೊಂಡು ಬಾ ಅಂದರೆ ಗದ್ದೆಗೆ ಹೋಗಿ ನಿಂತಿರುತ್ತಾರೆ.

ಕಟ್ಟೆಯ ಉದಾಹರಣೆಗೇ ನಾಲ್ಕು ಆಯ್ಕೆ ಕೊಡುತ್ತೇನೆ. ಒಂದು, ನಾಲೆಗೆ ನೀರು ಬಿಡುತ್ತಾರೆ. ಎರಡು, ಈ ಸಲ ಭತ್ತಕ್ಕೆ ಒಳ್ಳೆ ಬೆಲೆ ಸಿಗುತ್ತದೆ. ಮೂರು, ಕಟ್ಟೆ ತುಂಬಿದರೆ ಮಾತ್ರ ಭತ್ತ ಬೆಳೆಯಲು ಸಾಧ್ಯ. ನಾಲ್ಕು, ಕಬ್ಬಿಗಿಂತ ಭತ್ತ ಲಾಭ.

ಮೊದಲನೆಯದಕ್ಕೆ ಎಲ್ಲರೂ ಕೈ ಎತ್ತಿದಿರಿ. ಎರಡನೆಯದಕ್ಕೂ ಹಿಂದಿನ ಸಾಲಿನಲ್ಲಿ ಕೈ ಎದ್ದಿದೆ. "ಬೆಲೆ ಇಲ್ದೆ ಯಾರು ಸಾರ್ ಬೆಳೀತಾರೆ?" ಅಂತ ಅವರು ಕೇಳುತ್ತಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಅಪ್ಪನ ಮಾತಿನಲ್ಲಿ ಬೆಲೆಯ ಸುದ್ದಿಯೇ ಇಲ್ಲ. ಬೆಲೆ ಬಿದ್ದುಹೋಯಿತು ಅಂತಿಟ್ಟುಕೊಳ್ಳಿ. ಮನೆ ಊಟಕ್ಕಾದರೂ ಆಗುತ್ತದೆ ಅಂತ ಅವರು ಭತ್ತ ಹಾಕಬಹುದು. ಹುಲ್ಲು ದನಕ್ಕೆ ಆಗುತ್ತದೆ ಅಂತ ಹಾಕಬಹುದು. ಬೆಲೆ ಇಲ್ಲದೆಯೂ ಅವರ ಮಾತು ನಿಲ್ಲುತ್ತದೆ. ಹಾಗಾಗಿ ಅದು ಒಳ್ಳೆಯ ವಿಚಾರವೇ ಹೊರತು ಈ ಮಾತಿನ ಊಹೆಯಲ್ಲ. ಮೂರನೆಯದರಲ್ಲಿ 'ಮಾತ್ರ' ಅನ್ನುವ ಪದ ನೋಡಿ. ಬೋರ್‌ವೆಲ್ ಇರುವವರು ಕಟ್ಟೆ ತುಂಬದೆಯೂ ಬೆಳೆಯಬಹುದು, ಅದರಿಂದ ಅಪ್ಪನ ಮಾತಿಗೆ ಏನೂ ಆಗುವುದಿಲ್ಲ. ನಾಲ್ಕನೆಯದೂ ಹಾಗೇ. ಕಬ್ಬಿನ ಜೊತೆ ಹೋಲಿಕೆಯನ್ನು ಅಪ್ಪ ಮಾಡಲೇ ಇಲ್ಲ, ನಾವು ಮಾಡಿದೆವು. ಮಂಡ್ಯದವರಾದ್ದರಿಂದ ಮಾಡಿದೆವು.

ಇದು ನಮ್ಮ ಕಡೆಯ ದೊಡ್ಡ ಕಾಯಿಲೆ. ಗೊತ್ತಿರುವ ವಿಷಯ ಬಂದರೆ ಜಾಸ್ತಿ ತಪ್ಪುತ್ತೇವೆ. ನಾನೂ ತಪ್ಪಿದ್ದೇನೆ. ನನ್ನ ಓದಿನ ದಿನಗಳಲ್ಲಿ ಒಂದು ಬ್ಯಾಂಕ್ ಪರೀಕ್ಷೆ ಬರೆದಿದ್ದೆ. ಪದಕ್ಕೆ ಪದ ನೆನಪಿಲ್ಲ, ಹೇಳಿಕೆಯ ಸಾರ ಇದು: "ಕಂತಿನ ದಿನವನ್ನು ಮುಂಚೆಯೇ ನೆನಪಿಸಿದರೆ ರೈತರು ಸಾಲದ ಕಂತನ್ನು ಸಮಯಕ್ಕೆ ಕಟ್ಟುತ್ತಾರೆ." ಕೆಳಗೆ ಕೊಟ್ಟ ಊಹೆ: "ಕೆಲವು ರೈತರು ಕಂತು ತಪ್ಪಿಸುವುದು ದಿನ ಮರೆತು." ನನಗೆ ಸಿಟ್ಟೇ ಬಂತು. ನಮ್ಮಪ್ಪನಿಗೆ ಕಂತಿನ ದಿನ ನನ್ನ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ನೆನಪಿರುತ್ತಿತ್ತು. ಕೈಯಲ್ಲಿ ದುಡ್ಡು ಇರುತ್ತಿರಲಿಲ್ಲ, ಅಷ್ಟೇ. ಮರೆತು ಯಾರು ತಪ್ಪಿಸುತ್ತಾರೆ? ಸುಳ್ಳು ಅಂತ ತೀರ್ಮಾನ ಮಾಡಿ 'ಊಹೆ ಅಡಗಿಲ್ಲ' ಅನ್ನುವುದಕ್ಕೆ ಗುರುತು ಹಾಕಿ ಬಂದೆ.

ತಪ್ಪು. ಅದು ಸುಳ್ಳೇ ಇರಬಹುದು. ಆದರೆ ನೆನಪಿಸಿದರೆ ಕಟ್ಟುತ್ತಾರೆ ಅಂತ ಹೇಳುವ ಮನುಷ್ಯ, ಮರೆವು ಒಂದು ಕಾರಣ ಅಂತ ನಂಬಿಕೊಂಡೇ ಹಾಗೆ ಹೇಳುತ್ತಿದ್ದಾನೆ. ಅವನ ನಂಬಿಕೆ ತಪ್ಪಾಗಿದ್ದರೂ ಅದು ಅವನ ಊಹೆಯೇ. ಪ್ರಶ್ನೆ ಕೇಳುತ್ತಿದ್ದದ್ದು ನಮ್ಮಪ್ಪನ ಬಗ್ಗೆ ಅಲ್ಲ, ಆ ಹೇಳಿಕೆ ಬರೆದವನ ತಲೆಯ ಬಗ್ಗೆ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಒಂದು ಹುದ್ದೆಯಷ್ಟು ಖರ್ಚಾಯಿತು. ನಿಮಗೆ ಪುಕ್ಕಟೆಯಾಗಿ ಕೊಡುತ್ತಿದ್ದೇನೆ.

ಹಾಗಾದರೆ ಅವನ ತಲೆಯೊಳಗೆ ಹೋಗಿ ನೋಡುವುದು ಹೇಗೆ? ಈಗಾಗಲೇ ಒಂದು ಕೆಲಸ ಮಾಡಿದೆವು, ನೀವು ಗಮನಿಸಿದಿರೋ ಇಲ್ಲವೋ. ಬೆಲೆ ಬಿದ್ದುಹೋಯಿತು ಅಂತಿಟ್ಟುಕೊಳ್ಳಿ ಅಂದೆ. ಅಂದರೆ ಆಯ್ಕೆಯನ್ನು ಉಲ್ಟಾ ಮಾಡಿದೆ. ಉಲ್ಟಾ ಮಾಡಿ ಹೇಳಿಕೆಯ ಪಕ್ಕ ಇಟ್ಟೆ. ಹೇಳಿಕೆ ಬಿತ್ತಾ, ನಿಂತಿತಾ ಅಂತ ನೋಡಿದೆ. ಬಿದ್ದರೆ ಅದು ಊಹೆ. ನಿಂತರೆ ಅಲ್ಲ. ಅಮೆರಿಕದಲ್ಲಿ ಕಾನೂನು ಕಾಲೇಜಿಗೆ ಸೇರಲು ಎಲ್‌ಸ್ಯಾಟ್ ಅಂತ ಒಂದು ಪರೀಕ್ಷೆ ಇದೆ. ಅದಕ್ಕೆ ತಯಾರಿ ಮಾಡುವವರೂ ಇದೇ ಉಪಾಯವನ್ನು ಕಲಿಯುತ್ತಾರೆ. ನಿಮ್ಮ ಐಎಎಸ್ ಪೂರ್ವಭಾವಿ ಪರೀಕ್ಷೆಯ ಎರಡನೇ ಪತ್ರಿಕೆಯಾದ ಸಿಸ್ಯಾಟ್‌ಗೂ ಅದೇ ಸಾಕು, ಬ್ಯಾಂಕ್ ಪರೀಕ್ಷೆಗೂ ಅದೇ ಸಾಕು.

ಆದರೆ ಉಲ್ಟಾ ಮಾಡುವುದರಲ್ಲೇ ಕನ್ನಡದವರಾದ ನಮಗೆ ಒಂದು ಗುಂಡಿ ಇದೆ. ಇದನ್ನು ಯಾವ ಇಂಗ್ಲಿಷ್ ಪುಸ್ತಕವೂ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

"ಎಲ್ಲರೂ ಮದುವೆಗೆ ಬಂದರು." ಇದನ್ನು ಉಲ್ಟಾ ಮಾಡಿ. "ಎಲ್ಲರೂ ಮದುವೆಗೆ ಬರಲಿಲ್ಲ." ಸರಿ. ಈಗ ಹೇಳಿ, ಎಷ್ಟು ಜನ ಬಂದರು? ಅರ್ಧ ಸಭೆ 'ಕೆಲವರು ಬಂದರು' ಅನ್ನುತ್ತಿದೆ, ಅರ್ಧ ಸಭೆ 'ಯಾರೂ ಬರಲಿಲ್ಲ' ಅನ್ನುತ್ತಿದೆ. ಎರಡೂ ಸರಿಯೇ! ನಮ್ಮ ಭಾಷೆಯಲ್ಲಿ ಆ ವಾಕ್ಯಕ್ಕೆ ಎರಡು ಅರ್ಥವೂ ಬರುತ್ತದೆ. ಹೇಳುವ ದನಿ ಕೇಳಿ ಯಾವುದು ಅಂತ ತಿಳಿದುಕೊಳ್ಳುತ್ತೇವೆ. ಪ್ರಶ್ನೆಪತ್ರಿಕೆಗೆ ದನಿ ಇಲ್ಲ. ತರ್ಕದಲ್ಲಿ 'ಎಲ್ಲರೂ' ಅನ್ನುವುದರ ಉಲ್ಟಾ 'ಯಾರೂ ಇಲ್ಲ' ಅಲ್ಲ. 'ಒಬ್ಬರಾದರೂ ಬಿಟ್ಟುಹೋಗಿದ್ದಾರೆ' ಅಷ್ಟೇ. 'ಯಾರೂ ಬರಲಿಲ್ಲ' ಅನ್ನುವುದರ ಉಲ್ಟಾ 'ಒಬ್ಬರಾದರೂ ಬಂದರು'. 'ಯಾವಾಗಲೂ' ಉಲ್ಟಾ ಆದರೆ 'ಒಮ್ಮೆಯಾದರೂ ತಪ್ಪಿದೆ'. ಉಲ್ಟಾ ಮಾಡುವಾಗ ಮನಸ್ಸಿನಲ್ಲಿ 'ಇಲ್ಲ' ಸೇರಿಸಬೇಡಿ. ವಾಕ್ಯದ ಕೊನೆಗೆ 'ಅನ್ನುವುದು ಸುಳ್ಳು' ಅಂತ ಸೇರಿಸಿ. ಎಲ್ಲರೂ ಬಂದರು ಅನ್ನುವುದು ಸುಳ್ಳು. ಆಗ ಗೊಂದಲ ಹೋಗುತ್ತದೆ.

ಇದು ಯಾಕೆ ಮುಖ್ಯ ಅಂದರೆ, ನೋಡಿ: "ಸಿದ್ದರಾಜು ಮಂಡ್ಯದವನು, ಹಾಗಾಗಿ ಅವನಿಗೆ ಮುದ್ದೆ ಇಷ್ಟ ಇರುತ್ತದೆ." ಊಹೆ ಏನು? ಬಹಳ ಜನ ತಕ್ಷಣ 'ಮಂಡ್ಯದ ಎಲ್ಲರಿಗೂ ಮುದ್ದೆ ಇಷ್ಟ' ಅನ್ನುತ್ತಾರೆ. ಉಲ್ಟಾ ಮಾಡಿ. ಮಂಡ್ಯದಲ್ಲಿ ಮುದ್ದೆ ಇಷ್ಟವಿಲ್ಲದವನು ಒಬ್ಬನಾದರೂ ಇದ್ದಾನೆ. ಇರಲಿ ಪಾಪ, ಎಲ್ಲೋ ಒಬ್ಬ ಇರುತ್ತಾನೆ. ಸಿದ್ದರಾಜುವೇ ಅವನು ಅಂತ ಯಾರು ಹೇಳಿದರು? ಹೇಳಿಕೆ ಬೀಳಲಿಲ್ಲ. ಈಗ 'ಮಂಡ್ಯದವರಿಗೆ ಸಾಮಾನ್ಯವಾಗಿ ಮುದ್ದೆ ಇಷ್ಟ' ಅನ್ನುವುದನ್ನು ಉಲ್ಟಾ ಮಾಡಿ. ಸಾಮಾನ್ಯವಾಗಿ ಇಷ್ಟವಿಲ್ಲ ಅಂತಾದರೆ, ಮಂಡ್ಯದವನು ಅನ್ನುವುದು ಇನ್ನು ಕಾರಣವೇ ಅಲ್ಲ. ಹೇಳಿಕೆ ಬಿತ್ತು. ಎರಡನೆಯದು ಊಹೆ.

ಮೊದಲನೆಯದು ಬಲವಾದದ್ದು, ನಿಜ. ಅದು ಇದ್ದರೆ ತೀರ್ಮಾನ ಖಂಡಿತ ಬರುತ್ತದೆ. ಆದರೆ ಅಷ್ಟು ಬಲ ಬೇಕಾಗಿರಲಿಲ್ಲ. ಸೈಕಲ್ ನಿಲ್ಲಿಸಲು ಸ್ಟ್ಯಾಂಡ್ ಸಾಕು, ಕಲ್ಲಿನ ಕಂಬ ಬೇಡ. ಬೇಕೇಬೇಕಾದದ್ದು ಬೇರೆ, ಇದ್ದರೆ ಸಾಕಾಗುವುದು ಬೇರೆ. ಎಲ್‌ಸ್ಯಾಟ್‌ನಲ್ಲಿ ಇವೆರಡನ್ನೂ ಬೇರೆ ಬೇರೆ ಪ್ರಶ್ನೆಯಾಗಿಯೇ ಕೇಳುತ್ತಾರೆ. ನಮ್ಮ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಕೇಳುವುದು ಬೇಕೇಬೇಕಾದದ್ದನ್ನು. ಹಾಗಾಗಿ ಆಯ್ಕೆಯಲ್ಲಿ 'ಎಲ್ಲ', 'ಮಾತ್ರ', 'ಖಂಡಿತ', 'ಎಂದಿಗೂ' ಕಂಡರೆ ಒಂದು ಕ್ಷಣ ನಿಲ್ಲಿ. ಕಂಡ ತಕ್ಷಣ ಹೊಡೆದುಹಾಕಿ ಅಂತ ಹೇಳುತ್ತಿಲ್ಲ. ಹಾಗೆ ಹೇಳಿಕೊಡುವವರಿದ್ದಾರೆ, ಅದು ಸೋಮಾರಿ ಉಪಾಯ. ಹೇಳಿಕೆಯಲ್ಲೇ 'ಎಲ್ಲ' ಇದ್ದರೆ ಊಹೆಯಲ್ಲೂ 'ಎಲ್ಲ' ಬೇಕಾಗಬಹುದು.

ಈಗ ಸ್ವಲ್ಪ ಆಲೆಮನೆ ಕಡೆ ಹೋಗಿ ಬರೋಣ. ದಾರಿ ತಪ್ಪುತ್ತಿದ್ದೇನೆ ಅಂತ ಅನ್ನಿಸಿದರೂ ಜೊತೆಗೆ ಬನ್ನಿ.

ಬಸ್ಸಿನಲ್ಲಿ ಹೋಗುತ್ತಿದ್ದೀರಿ. ದೂರದಲ್ಲಿ ಒಂದು ಆಲೆಮನೆಯಿಂದ ಹೊಗೆ ಏಳುತ್ತಿದೆ. ಪಕ್ಕದವರು ಹೇಳುತ್ತಾರೆ: "ಹೊಗೆ ಬತ್ತಾ ಅದೆ, ಬೆಲ್ಲ ಕಾಯಿಸ್ತಾವ್ರೆ." ಎರಡು ಆಯ್ಕೆ ಕೊಡುತ್ತೇನೆ. 'ಬೆಲ್ಲ ಕಾಯಿಸುವಾಗಲೆಲ್ಲ ಆಲೆಮನೆಯಲ್ಲಿ ಹೊಗೆ ಬರುತ್ತದೆ' ಅನ್ನುವುದು ಒಂದು. 'ಆಲೆಮನೆಯಲ್ಲಿ ಹೊಗೆ ಬಂದರೆ ಬೆಲ್ಲ ಕಾಯಿಸುತ್ತಿರುತ್ತಾರೆ' ಅನ್ನುವುದು ಇನ್ನೊಂದು. ಎರಡೂ ಒಂದೇ ಥರ ಕೇಳಿಸುತ್ತದೆ. ಮೊದಲನೆಯದು ಪೂರ್ತಿ ನಿಜ ಕೂಡ, ಕೊಪ್ಪರಿಗೆ ಕೆಳಗೆ ಬೆಂಕಿ ಇಲ್ಲದೆ ಬೆಲ್ಲ ಆಗುವುದಿಲ್ಲ. ಆದರೆ ಪಕ್ಕದವರಿಗೆ ಬೇಕಾಗಿರುವುದು ಎರಡನೆಯದು. ಅವರು ಹೊಗೆಯಿಂದ ಬೆಲ್ಲಕ್ಕೆ ಹೋಗುತ್ತಿದ್ದಾರೆ, ಬೆಲ್ಲದಿಂದ ಹೊಗೆಗೆ ಅಲ್ಲ. ಯಾರೋ ಸುಮ್ನೆ ಕಸ ಸುಡುತ್ತಿರಬಹುದು. ಆಗ ಮೊದಲನೆಯ ವಾಕ್ಯ ನಿಜವಾಗಿಯೇ ಉಳಿಯುತ್ತದೆ, ಪಕ್ಕದವರ ಮಾತು ಮಾತ್ರ ಬಿದ್ದುಹೋಗುತ್ತದೆ. ದಿಕ್ಕು ನೋಡಿ. ಪರೀಕ್ಷೆಯಲ್ಲಿ ಅತಿ ಹೆಚ್ಚು ಜನ ಬೀಳುವ ಗುಂಡಿ ಇದೇ ಅಂತ ನನ್ನ ಅನುಭವ.

ಈ ಹೊಗೆಯ ಉದಾಹರಣೆ ನನ್ನ ಸ್ವಂತದ್ದಲ್ಲ, ಆಲೆಮನೆ ಮಾತ್ರ ನನ್ನದು. ನ್ಯಾಯಶಾಸ್ತ್ರದವರು, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರದವರು, ಇದನ್ನು ಶತಮಾನಗಳಿಂದ ಪಾಠ ಹೇಳಿಕೊಂಡು ಬಂದಿದ್ದಾರೆ. ಬೆಟ್ಟದಲ್ಲಿ ಬೆಂಕಿ ಇದೆ, ಯಾಕೆಂದರೆ ಹೊಗೆ ಇದೆ. ನಾವು ಇಷ್ಟಕ್ಕೇ ಮಾತು ಮುಗಿಸುತ್ತೇವೆ. ಅವರು ಮುಗಿಸುವುದಿಲ್ಲ. ಪ್ರತಿಜ್ಞೆ (ಸಾಧಿಸಬೇಕಾದ ಮಾತು), ಹೇತು (ಕಾರಣ), ಉದಾಹರಣೆ, ಉಪನಯ (ಅದನ್ನು ಇಲ್ಲಿಗೆ ಅನ್ವಯಿಸುವುದು), ನಿಗಮನ (ತೀರ್ಮಾನ) ಅಂತ ಐದು ಮೆಟ್ಟಿಲು ಹತ್ತಿಸುತ್ತಾರೆ. ಮೂರನೆಯ ಮೆಟ್ಟಿಲಿನಲ್ಲಿ 'ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಇರುವ ಹಾಗೆ' ಅಂತ ಬಾಯಿಬಿಟ್ಟು ಹೇಳಲೇಬೇಕು. ಆ ಸಂಬಂಧಕ್ಕೆ ವ್ಯಾಪ್ತಿ ಅಂತ ಹೆಸರು. ಅಂದರೆ ನಮ್ಮ ಪರೀಕ್ಷೆಯಲ್ಲಿ ಹುಡುಕು ಅನ್ನುವುದನ್ನು ಅವರು ಬಚ್ಚಿಡಲು ಬಿಡುವುದೇ ಇಲ್ಲ! ದಿಕ್ಕಿನ ವಿಚಾರವೂ ಅವರಿಗೆ ಗೊತ್ತಿತ್ತು. ಎಲ್ಲೆಲ್ಲಿ ಬೆಂಕಿಯೋ ಅಲ್ಲಲ್ಲಿ ಹೊಗೆ ಅನ್ನಬಹುದೇ? ಆಗದು. ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ತೋರಿಸುತ್ತಾರೆ. ಬೆಂಕಿ ಇದೆ, ಹೊಗೆ ಇಲ್ಲ. ಒಂದು ಗುಂಡು ಸಾಕು ಆ ವಾಕ್ಯ ಹೊಡೆಯಲು.

ಇನ್ನೊಂದು ಕಥೆ ಇದೆ. ದೇವದತ್ತ ದಪ್ಪಗಿದ್ದಾನೆ. ದೇವದತ್ತ ಹಗಲು ಊಟ ಮಾಡುವುದಿಲ್ಲ. ಎರಡೂ ನಿಜ. ಹೇಗೆ? ರಾತ್ರಿ ತಿನ್ನುತ್ತಾನೆ, ಮತ್ತೇನು. ಎರಡು ಸಂಗತಿ ಒಂದಕ್ಕೊಂದು ಕೂಡಿಬರಬೇಕಾದರೆ ಮೂರನೆಯ ಯಾವ ಸಂಗತಿ ಇರಲೇಬೇಕು ಅಂತ ಕೇಳಿಕೊಂಡು ಅದನ್ನು ಹಿಡಿಯುವುದು. ವೇದವಾಕ್ಯಗಳಿಗೆ ಅರ್ಥ ಹೇಳುತ್ತಿದ್ದ ಮೀಮಾಂಸಕರು ಇದಕ್ಕೆ ಅರ್ಥಾಪತ್ತಿ ಅಂತ ಹೆಸರಿಟ್ಟು ತಿಳಿವಿನ ಒಂದು ಬೇರೆ ದಾರಿ ಅಂತಲೇ ಎಣಿಸಿದರು. ನಮ್ಮ ಕೆಲಸವೂ ಇದೇ ತಾನೆ? ಕಾರಣ ಮತ್ತು ತೀರ್ಮಾನ ಕೂಡಿಬರಬೇಕಾದರೆ ನಡುವೆ ಏನಿರಬೇಕು ಅಂತ ನೋಡುವುದು.

ಈ ಅರ್ಥಾಪತ್ತಿಗೂ ಪಕ್ಕದ ಮೈಸೂರಿಗೂ ಒಂದು ನಂಟಿದೆ. ಕೌಟಿಲ್ಯನ ಅರ್ಥಶಾಸ್ತ್ರ ಕಳೆದೇಹೋಯಿತು ಅಂತ ಎಲ್ಲರೂ ಅಂದುಕೊಂಡಿದ್ದಾಗ ಅದರ ತಾಳೆಗರಿ ಪ್ರತಿಯನ್ನು ಗುರುತಿಸಿದವರು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ರಾಜ್ಯ, ತೆರಿಗೆ, ಗೂಢಚಾರರು ಎಲ್ಲ ಮುಗಿದ ಮೇಲೆ ಆ ಗ್ರಂಥದ ಕೊನೆಯಲ್ಲಿ 32 ತಂತ್ರಯುಕ್ತಿಗಳ ಪಟ್ಟಿ ಇದೆ. ಒಂದು ಶಾಸ್ತ್ರವನ್ನು ಬರೆಯುವುದು ಹೇಗೆ, ಓದುವುದು ಹೇಗೆ ಅನ್ನುವ ಪಟ್ಟಿ. ಅದರಲ್ಲಿ ಅರ್ಥಾಪತ್ತಿಯೂ ಇದೆ. ಹೇಳದೆ ಇದ್ದರೂ ಅರ್ಥದಿಂದ ತಾನಾಗಿ ಬಂದು ಸೇರುವುದು ಅಂತ ಅದರ ವಿವರಣೆ. ಆಡಳಿತ ನಡೆಸುವವನಿಗೆ ಈ ಕಲೆ ಗೊತ್ತಿರಬೇಕು ಅಂತ ಆಗಲೇ ಅನ್ನಿಸಿತ್ತು. ನೀವು ಬರೆಯುತ್ತಿರುವುದೂ ಆಡಳಿತಕ್ಕೆ ಸೇರುವ ಪರೀಕ್ಷೆಯೇ. ಮೈಸೂರಿಗೆ ಹೋದಾಗ ಅರಮನೆ ನೋಡಿದ ಮೇಲೆ ಆ ಲೈಬ್ರರಿಯ ಕಟ್ಟಡವನ್ನೂ ಒಂದು ಸಲ ನೋಡಿಕೊಂಡು ಬನ್ನಿ.

ಇರಲಿ, ಪ್ರಶ್ನೆಪತ್ರಿಕೆಗೆ ವಾಪಸ್ ಬರೋಣ. ಇನ್ನೊಂದು ಅಡಗುತಾಣ ತೋರಿಸಬೇಕು. ಅದು ಒಂದೇ ಅಕ್ಷರದಲ್ಲಿ ಅಡಗಿರುತ್ತದೆ.

ನಾನು ಎಸ್ಸೆಸ್ಸೆಲ್ಸಿ ಪಾಸಾದ ದಿನ ಅಜ್ಜಿಗೆ ಹೇಳಲು ಓಡಿಹೋದೆ. ಅಜ್ಜಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವರು ತಲೆ ಎತ್ತಿ, "ಏನು, ನೀನೂವೆ ಪಾಸಾದ್ಯಾ?" ಅಂದರು. ಆ 'ಊ' ನೋಡಿ. ಬೇರೆ ಯಾರೋ ಪಾಸಾಗಿದ್ದಾರೆ ಅನ್ನುವುದು ಅದರಲ್ಲಿದೆ. ನಿನ್ನಿಂದ ಇದನ್ನು ಯಾರೂ ನಿರೀಕ್ಷಿಸಿರಲಿಲ್ಲ ಅನ್ನುವುದೂ ಅದರಲ್ಲಿದೆ. ಎರಡನ್ನೂ ಅಜ್ಜಿ ಹೇಳಲಿಲ್ಲ. ನನಗೆ ಮಾತ್ರ ಎರಡೂ ತಾಗಿತು.

ಹೇಳಿಕೆಯಲ್ಲಿ 'ಮೈಸೂರಿನಲ್ಲೂ ನೀರಿನ ತೊಂದರೆ ಶುರುವಾಗಿದೆ' ಅಂತ ಇದ್ದರೆ, ಬೇರೆ ಕಡೆ ತೊಂದರೆ ಈಗಾಗಲೇ ಇದೆ ಅಂತ ಹೇಳಿದವನು ಹಿಡಿದುಕೊಂಡಿದ್ದಾನೆ. 'ಮತ್ತೆ ಬೆಲೆ ಏರಿತು' ಅಂದರೆ ಮೊದಲೂ ಏರಿತ್ತು. 'ರಸ್ತೆ ಇನ್ನೂ ಮುಗಿದಿಲ್ಲ' ಅಂದರೆ ಇಷ್ಟು ಹೊತ್ತಿಗೆ ಮುಗಿಯಬೇಕಿತ್ತು ಅಂತ ಕಾದವರಿದ್ದಾರೆ. 'ಸಿಗರೇಟ್ ಬಿಟ್ಟೆಯಾ?' ಅಂತ ಕೇಳಿದರೆ ಹೌದು ಅಂದರೂ ಕಷ್ಟ, ಇಲ್ಲ ಅಂದರೂ ಕಷ್ಟ. ಕನ್ನಡದಲ್ಲಿ ಪರೀಕ್ಷೆ ಬರೆಯುವವರು ಈ 'ಊ', 'ಏ', 'ಮತ್ತೆ', 'ಇನ್ನೂ'ಗಳನ್ನು ಪೆನ್ಸಿಲ್‌ನಿಂದ ಸುತ್ತು ಹಾಕಿ. ನಾವು ಅವುಗಳನ್ನು ಉಸಿರಾಡುವಷ್ಟು ಸಲೀಸಾಗಿ ಬಳಸುವುದರಿಂದ ಕಣ್ಣಿಗೆ ಬೀಳುವುದಿಲ್ಲ.

ನೋಟಿಸ್‌ಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ, ಅದು ಸುಲಭ. 'ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ.' ಬರೆಯದಿದ್ದರೆ ಕೆಲವರಾದರೂ ನಿಲ್ಲಿಸುತ್ತಾರೆ, ಬರೆದರೆ ಕೆಲವರಾದರೂ ಓದಿ ಕೇಳುತ್ತಾರೆ. ಇವೆರಡೂ ಊಹೆ. ಎಲ್ಲರೂ ಕೇಳುತ್ತಾರೆ ಅನ್ನುವುದು ಊಹೆಯಲ್ಲ. ಹಾಗೆ ಅಂದುಕೊಂಡು ಬೋರ್ಡ್ ಹಾಕಿದ ಮನೆಯವರು ನಮ್ಮ ಊರಿನಲ್ಲಂತೂ ಇಲ್ಲ.

ಇನ್ನು ಸ್ವಲ್ಪ ಕಷ್ಟದ್ದು. ಬೆಂಗಳೂರು–ಮೈಸೂರು ಹೆದ್ದಾರಿ ನಿಮಗೆಲ್ಲ ಗೊತ್ತು. ನಡುವೆ ಆರು ಪಥದ ಮುಖ್ಯ ರಸ್ತೆ, ಎರಡೂ ಬದಿಗೆ ಸರ್ವೀಸ್ ರಸ್ತೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬೈಕ್, ಆಟೊ, ಟ್ರ್ಯಾಕ್ಟರ್ ಬರುವ ಹಾಗಿಲ್ಲ ಅಂತಾಯಿತು. ಇದರ ಮೇಲೆ ಒಂದು ಹೇಳಿಕೆ ಕಟ್ಟುತ್ತೇನೆ. "ವೇಗವಾಗಿ ಹೋಗುವ ಗಾಡಿಗಳ ನಡುವೆ ನಿಧಾನದ ಗಾಡಿಗಳು ಬಂದರೆ ಅಪಘಾತ ಆಗುತ್ತದೆ. ಆದ್ದರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಯಿಂದ ತೆಗೆದರೆ ಮುಖ್ಯ ರಸ್ತೆಯಲ್ಲಿ ಅಪಘಾತ ಕಡಿಮೆಯಾಗುತ್ತದೆ."

ಕಾರಣದಲ್ಲಿ ಇರುವ ಪದಗಳನ್ನೂ ತೀರ್ಮಾನದಲ್ಲಿ ಇರುವ ಪದಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ತೀರ್ಮಾನದಲ್ಲಿ ಹೊಸದಾಗಿ ಬಂದದ್ದು ಯಾವುದು? ಬೈಕ್, ಆಟೊ, ಟ್ರ್ಯಾಕ್ಟರ್. ಕಾರಣದಲ್ಲಿ ಇದ್ದದ್ದು 'ನಿಧಾನದ ಗಾಡಿ'. ಅಂದರೆ ಈ ಮೂರೂ ನಿಧಾನದ ಗಾಡಿಗಳು ಅಂತ ಸುಮ್ನೆ ಸೇರಿಸಿಕೊಂಡಾಯಿತು. ಟ್ರ್ಯಾಕ್ಟರ್ ಒಪ್ಪಿಕೊಳ್ಳೋಣ. ಬೈಕನ್ನು ನಿಧಾನದ ಗಾಡಿ ಅಂದರೆ ನಿಮ್ಮಲ್ಲಿ ಕೆಲವರಿಗೆ ಬೇಜಾರಾಗುವುದು ನನಗೆ ಇಲ್ಲಿಂದಲೇ ಕಾಣಿಸುತ್ತಿದೆ. ತೀರ್ಮಾನದಲ್ಲಿ ಹೊಸ ಪದ ಬಂದರೆ ಅದರ ಪಕ್ಕ ಸೇತುವೆ ಹುಡುಕಿ. ಅಲ್ಲೇ ಎಲ್ಲೋ ಊಹೆ ಇರುತ್ತದೆ.

ಈಗ ಈ ಆಯ್ಕೆ ನೋಡಿ: 'ತೆಗೆದ ಗಾಡಿಗಳಿಂದ ಸರ್ವೀಸ್ ರಸ್ತೆಯಲ್ಲಿ ಅಷ್ಟೇ ಹೊಸ ಅಪಘಾತ ಆಗುವುದಿಲ್ಲ.' ಊಹೆ ಹೌದೇ? ಹೌದು ಅಂತ ಬಹಳ ಜನ ಅನ್ನುತ್ತಿದ್ದೀರಿ. ಉಲ್ಟಾ ಮಾಡಿ. ಸರ್ವೀಸ್ ರಸ್ತೆಯಲ್ಲಿ ಅಷ್ಟೇ ಅಪಘಾತ ಆಗುತ್ತದೆ. ಆಗಲಿ, ಹೇಳಿಕೆ ಮಾತಾಡಿದ್ದು 'ಮುಖ್ಯ ರಸ್ತೆಯಲ್ಲಿ' ಅಂತ. ಅಲ್ಲಿ ಕಡಿಮೆಯಾದರೆ ಅವನ ಮಾತು ನಿಂತಿತು. ಹಾಗಾಗಿ ಅದು ಊಹೆಯಲ್ಲ. ಈಗ ತೀರ್ಮಾನದ ಕೊನೆಯನ್ನು ಮಾತ್ರ ಬದಲಾಯಿಸುತ್ತೇನೆ. 'ಬೆಂಗಳೂರು–ಮೈಸೂರು ದಾರಿಯಲ್ಲಿ ಒಟ್ಟಾರೆ ಅಪಘಾತ ಕಡಿಮೆಯಾಗುತ್ತದೆ.' ಈಗ ಅದೇ ಆಯ್ಕೆ ಊಹೆಯಾಯಿತು. ಇಲ್ಲಿಂದ ಹೋದದ್ದು ಅಲ್ಲಿ ಅಷ್ಟೇ ಆಗಿ ಬಂದರೆ ಒಟ್ಟು ಲೆಕ್ಕ ಎಲ್ಲಿ ಇಳಿಯಿತು? ಒಂದೆರಡು ಪದ ಬದಲಾದರೆ ಉತ್ತರ ಮಗುಚಿಕೊಳ್ಳುತ್ತದೆ. ಮದ್ದೂರಿನ ಕಡೆಯವರು ಯಾರೋ "ಸರ್ವೀಸ್ ರಸ್ತೆ ಹೆಂಗದೆ ಅಂತ ನಮಗೆ ಗೊತ್ತು ಸಾರ್" ಅಂದರು. ನನಗೂ ಗೊತ್ತು ಸ್ವಾಮಿ. ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಹಾಗೆ ಅದನ್ನೂ ಬಿಟ್ಟು ಒಳಗೆ ಹೋಗಿ.

ಕಾರಣ–ಪರಿಣಾಮದ ಮಾತುಗಳಲ್ಲಿ ಒಂದು ಊಹೆ ಯಾವಾಗಲೂ ಕಾದು ಕೂತಿರುತ್ತದೆ. ನಾನೇ ಕಟ್ಟಿದ ಒಂದು ಜಾಹೀರಾತು ಕೇಳಿ: 'ಕಳೆದ ಸಲ ಈ ತಾಲ್ಲೂಕಿನಿಂದ ಆಯ್ಕೆಯಾದ ಹತ್ತು ಜನರಲ್ಲಿ ಆರು ಮಂದಿ ನಮ್ಮ ಕೋಚಿಂಗ್‌ನವರು. ನೀವೂ ಆಯ್ಕೆಯಾಗಬೇಕಾದರೆ ಬಂದು ಸೇರಿ.' ಕೋಚಿಂಗ್‌ನಿಂದಲೇ ಆ ಆರು ಮಂದಿ ಆಯ್ಕೆಯಾದರು ಅನ್ನುವುದು ಹೇಳದೆ ಬಿಟ್ಟ ಮಾತು. ಸೇರದೆ ಇದ್ದಿದ್ದರೂ ಅವರು ಆಯ್ಕೆಯಾಗುತ್ತಿದ್ದರು ಅಂತಾದರೆ ಜಾಹೀರಾತು ಅಲ್ಲೇ ಮಲಗಿತು. ಎಷ್ಟು ಜನ ಸೇರಿ ಆರು ಜನ ಪಾಸಾದರು ಅನ್ನುವುದನ್ನಂತೂ ಇಂಥ ಬೋರ್ಡಿನಲ್ಲಿ ಬರೆಯುವುದಿಲ್ಲ. ಆರು ಜನ ಸೇರಿ ಆರೂ ಪಾಸಾದರೆ ಒಂದು ಮಾತು, ಆರುನೂರು ಜನ ಸೇರಿ ಆರು ಪಾಸಾದರೆ ಇನ್ನೊಂದು ಮಾತು. ಇದನ್ನು ಪರೀಕ್ಷೆಗಲ್ಲ, ಫೀಸು ಕಟ್ಟುವ ಮುಂಚೆ ಯೋಚಿಸಿ.

ಮುಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದಿದೆ. "ಸಿಸ್ಯಾಟ್ ಈಗ ಬರೀ ಅರ್ಹತೆಗೆ ತಾನೆ ಸರ್, ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?" ಅಂತ. ನಿಜ. 2011ರಲ್ಲಿ ಆ ಪತ್ರಿಕೆ ಬಂದಾಗ ಅದರ ಅಂಕ ಲೆಕ್ಕಕ್ಕೆ ಬರುತ್ತಿತ್ತು. 2015ರಿಂದ ಶೇಕಡ 33 ತೆಗೆದರೆ ಸಾಕು. 80 ಪ್ರಶ್ನೆ, 200 ಅಂಕ. ಒಂದು ಸರಿ ಉತ್ತರಕ್ಕೆ ಎರಡೂವರೆ. ತಪ್ಪಿದರೆ ಅದರ ಮೂರನೇ ಒಂದು ಭಾಗ ಕಡಿತ. 66 ಅಂಕ ಬಂದರೆ ಪಾಸು. 27 ಪ್ರಶ್ನೆ ಸರಿ ಮಾಡಿದರೆ ಅರವತ್ತೇಳೂವರೆ ಆಗುತ್ತದೆ.

ಹಾಗಾದರೆ ನಾನೇ ಒಂದು ಸಲಹೆ ಕೊಡುತ್ತೇನೆ, ಬರೆದುಕೊಳ್ಳಿ: "80ರಲ್ಲಿ 27 ಸರಿ ಮಾಡಿದರೆ ಸಾಕು. ಆದ್ದರಿಂದ ಊಹೆಯ ಪ್ರಶ್ನೆಗಳನ್ನು ಬಿಟ್ಟುಬಿಡಬಹುದು." ಈ ಸಲಹೆಯಲ್ಲಿ ನಾನು ಹೇಳದೆ ಬಿಟ್ಟದ್ದು ಏನು?

ಎರಡು ನಿಮಿಷ ಕೊಟ್ಟೆ. ತಪ್ಪು ಉತ್ತರದ ಕಡಿತವನ್ನು ನೀವು ಎಣಿಸಿಲ್ಲ ಅಂತ ಒಬ್ಬರು ಹೇಳಿದರು, ಸರಿ. ಮೂರು ತಪ್ಪಾದರೆ ಒಂದು ಸರಿ ಉತ್ತರದ ಅಂಕ ಹೋಗುತ್ತದೆ. ಊಹೆಯ ಪ್ರಶ್ನೆ ಕಷ್ಟ ಅಂತ ಅಂದುಕೊಂಡಿದ್ದೀರಿ ಅಂತ ಇನ್ನೊಬ್ಬರು. ಅದನ್ನು ಉಲ್ಟಾ ಮಾಡಿ ನೋಡೋಣ. ಸುಲಭವಾಗಿದ್ದರೂ 27 ಬೇರೆ ಕಡೆ ಸಿಕ್ಕರೆ ಬಿಡಬಹುದು, ಹಾಗಾಗಿ ಅದು ಬೇಕಿಲ್ಲ. ಕೊನೆಗೆ ಕಿಟಕಿ ಪಕ್ಕ ಕೂತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಿಕ್ಕಿದ್ದರಲ್ಲಿ 27 ನಮಗೆ ಬರುತ್ತೆ ಅಂತ ಅಂದ್ಕೊಂಡಿದ್ದೀರಾ ಸರ್."